ಹೊರಬಾಗಿಲು

ನಾಟಕಕ್ಕೋ ಸಿನೆಮಾಕ್ಕೋ ಸಂಸಾರಸಮೇತನಾಗಿ ಹೊರಡುವ ಗೃಹಸ್ಥನು ಟಿಕೆಟ್ಟಿನ ದರವನ್ನು ವಿಚಾರಿಸುತ್ತಾನೆ. ಮುಂದಿನವರ ತಲೆ ಅಡ್ಡವಾಗದೆ ಮಕ್ಕಳಿಗೆ ಆಟ ಕಾಣುವುದೇ ಎಂದು ನೋಡುತ್ತಾನೆ. ಹೊರಕ್ಕೆ ಹೋಗುವ ಬಾಗಿಲುಗಳು ಎಲ್ಲಿವೆ, ಅವು ಯಾವ ಕಡೆಗೆ ತೆರೆಯುತ್ತವೆ ಎಂದು ನೋಡುವವರು ಬಹು ವಿರಳ. ಬಂದ ದಾರಿಯಲ್ಲಿಯೇ ಹಿಂದಿರುಗಿದರಾಯಿತೆಂದು ಎಲ್ಲರ ಎಣಿಕೆ.

ಈ ಎಣಿಕೆಯು ಎಷ್ಟು ಅಪಾಯಕರವೆಂಬುದನ್ನು ಅಮೆರಿಕದ ಷಿಕಾಗೋ ನಗರವು ೧೯೦೩ನೆಯ ಇಸವಿಯಲ್ಲಿ ಕಂಡಿತು. ಅಲ್ಲಿನ ಇರೊಕ್ವಾ ನಾಟಕಶಾಲೆಯು ಆಗತಾನೆ ಕಟ್ಟಿದ್ದು. ಬೆಂಕಿಯ ಭಯವೇ ಇಲ್ಲದ ಕಟ್ಟಡವೆಂದು ಮಾಲೀಕರು ಸಾರಿದ್ದರು. ಆರಂಭವಾಗಿ ಆರು ವಾರಗಳೂ ಕಳೆದಿರಲಿಲ್ಲ. ಡಿಸೆಂಬರ್ ೩೦ರ ಮಧ್ಯಾಹ್ನದ ಆಟ. ರಜದ ದಿನಗಳಾದ ಕಾರಣ ತಾಯಂದಿರೂ ಮಕ್ಕಳೂ ಕಿಕ್ಕಿರಿದು ನೆರೆದಿದ್ದರು. ರಂಗದ ವಿದ್ಯುದ್ದೀಪವೊಂದರಿಂದ ಪರದೆಗೆ ಬೆಂಕಿ ತಗಲಿತು. ಪ್ರೇಕ್ಷಕರನ್ನು ಕಾಯಬೇಕಾಗಿದ್ದ ಕಲ್ನಾರಿನ ತೆರೆಯು ಇಳಿಯುತ್ತ ನಡುವೆಯೇ ಸಿಕ್ಕಿಕೊಂಡಿತು. ಹೊರಬಾಗಿಲುಗಳಿಗೇನೂ ಕೊರತೆ ಇರಲಿಲ್ಲ. ಆದರೆ ಕೆಲವು ಅಂದದ ಪರದೆಗಳ ಹಿಂದೆ ಅಡಗಿದ್ದುವು. ಕೆಲವಕ್ಕೆ ಜನರು ಕಂಡರಿಯದ ಬಗೆಯ ಅಗುಳಿಗಳಿದ್ದುವು. ಕೆಲವು ಒಳಮುಖವಾಗಿ ತೆರೆಯುವಂಥವು. ಒಳಮುಖದ ಬಾಗಿಲಿಗೆ ಹಿಂದಿನಿಂದ ನೂರು ಜನ ಒತ್ತಿ ನಿಂತರೆ, ಮುಂದಿರುವವನು ಭೀಮಸೇನನಾದರೂ ಅದನ್ನು ತೆರೆಯಲಾರನು. ೬೦೨ ಮಂದಿ ಪ್ರಾಣ ಬಿಟ್ಟರು. ಕಟ್ಟಡವೇನೋ ನಿಂತೇ ಇತ್ತು. ಮಾಲೀಕರ ಮಾತು ಆ ಮಟ್ಟಿಗೆ ಸುಳ್ಳಾಗಲಿಲ್ಲ!

ಅಂದಿನ ಆಟಕ್ಕೆ ಹೋಗಬೇಕೆಂದಿದ್ದು ಕಾರ್ಯಾಂತರದಿಂದ ಉಳಿದವನು ಕಾರ್ಲ್ ಪ್ರಿಂಜ್ಲರ್ ಎಂಬ ಕಬ್ಬಿಣದ ಸಾಮಾನಿನ ವ್ಯಾಪಾರಿ. ಮೈಯಿಂದ ಒತ್ತಿದೊಡನೆ ಬಾಗಿಲು ಹೊರಕ್ಕೆ ತೆರೆದುಕೊಳ್ಳುವ ಅಡ್ಡಪಟ್ಟಿಯು ಆತನ ಪ್ರಯತ್ನದಿಂದ ೧೯೦೮ರಲ್ಲಿ ಮಾರಾಟಕ್ಕೆ ಬಂತು. ಇಂದು ದೊಡ್ಡ ಚಿತ್ರಮಂದಿರಗಳ ಬಾಗಿಲಿಗೆ ಅಡ್ಡಲಾಗಿ ಕಾಣುವುದು ಅದೇ.

ದೂರದೇಶದ ಕಥೆಯೆಂದು ನಾವು ನೆಮ್ಮದಿಯಿಂದಿರುವಂತಿಲ್ಲ. ಬೆಂಗಳೂರಿನಲ್ಲಿ ೧೯೮೧ನೆಯ ಫೆಬ್ರವರಿ ೭ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ೯೨ ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ೧೯೯೭ನೆಯ ಜೂನ್ ೧೩ರಂದು ನೆಲದಂತಸ್ತಿನ ಟ್ರಾನ್ಸ್‌ಫಾರ್ಮರಿನಿಂದ ಬೆಂಕಿ ಎದ್ದಿತು. ಹೊಗೆಯು ಮೆಟ್ಟಿಲಿನ ದಾರಿಯಲ್ಲಿ ಬಾಲ್ಕನಿಗೆ ಏರಿತು. ಅಲ್ಲಿ ಹೆಚ್ಚು ಆಸನಗಳನ್ನು ಹಾಕುವ ಆಸೆಯಿಂದ ಒಂದು ಪಕ್ಕದ ಓಡಾಟದ ದಾರಿಯನ್ನೇ ಮುಚ್ಚಿದ್ದರು. ೫೯ ಮಂದಿ ಪ್ರಾಣ ಕಳೆದುಕೊಂಡರು. ಅವರನ್ನು ಕೊಂದುದು ಉರಿಯಲ್ಲ, ಹೊಗೆ.

ಆದುದರಿಂದ ಮನೆಯ ಯಜಮಾನರೂ ತಾಯಂದಿರೂ ಆಸನದಲ್ಲಿ ಕುಳಿತೊಡನೆ ಅತ್ಯಂತ ಸಮೀಪದ ಹೊರಬಾಗಿಲು ಯಾವುದೆಂದು ನೋಡಿ, ನಡುವೆ ಎಷ್ಟು ಸಾಲುಗಳಿವೆಯೆಂದು ಎಣಿಸಿಟ್ಟುಕೊಳ್ಳಬೇಕು. ಹೊಗೆಯಲ್ಲಿ ಕಣ್ಣು ಕಾಣದು, ಕೈ ತಡವಿ ಎಣಿಸಬಹುದು. ಹೊಗೆಯು ಮೇಲಕ್ಕೇರುವುದರಿಂದ ಬಗ್ಗಿ ನಡೆಯಬೇಕು. ಚೀಲ, ಚಪ್ಪಲಿಗಳಿಗಾಗಿ ಹಿಂದಿರುಗಲಾಗದು. ಚದುರಿದರೆ ಹೊರಗೆ ಯಾವ ಕಡೆ ಕೂಡಬೇಕೆಂಬುದನ್ನು ಮಕ್ಕಳಿಗೆ ಮೊದಲೇ ಹೇಳಿರಬೇಕು; ಇದನ್ನು ಆಟದಂತೆ ಹೇಳಿದರೆ ಅವು ಹೆದರುವುದಿಲ್ಲ.

ಹೊರಬಾಗಿಲಿಗೆ ಬೀಗ ಕಂಡರೆ ವ್ಯವಸ್ಥಾಪಕನನ್ನು ಕರೆಸಿ ತೆಗೆಸಬೇಕು. ಟಿಕೆಟ್ಟಿಲ್ಲದವರು ನುಗ್ಗುವರೆಂದು ಆತನು ಹೇಳಬಹುದು. ಹಾಗಿದ್ದರೆ ಅಲ್ಲಿ ಆಳನ್ನು ನಿಲ್ಲಿಸಲಿ. ಬೀಗ ತೆಗೆಯಲೊಪ್ಪದಿದ್ದರೆ ಟಿಕೆಟ್ಟಿನ ಹಣವನ್ನು ಕೇಳಿ ಪಡೆದು, ಅಗ್ನಿಶಾಮಕ ಠಾಣೆಗೆ ತಿಳಿಸಿ, ಮಕ್ಕಳನ್ನು ಮನೆಗೆ ಕರೆದುಕೊಂಡು ಬರಬೇಕು.