ನಿಮಗಿದು ಗೊತ್ತೇ? ಮಾಲ್ಗುಡಿಯ ಮನೆ ತೀರ್ಥಹಳ್ಳಿಯಲ್ಲಿ, ಸ್ಟೇಷನ್ ಹೊಸನಗರದಲ್ಲಿ!

ದರಪಟ್ಟಿಯೇ ಇಲ್ಲದೆ ಹೆಸರು ಮಾಡಿದ ತಂಗುಮನೆಯೊಂದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿದೆ. ಅದೇ ದೊಡ್ಡಮನೆ. ನೂರು ವರ್ಷ ದಾಟಿದ ಮನೆ. ಬಂದವರು ಉಂಡು, ಮಲಗಿ, ಹೊರಡುವಾಗ ಮನಸ್ಸಿಗೆ ಬಂದಷ್ಟು ಕೊಟ್ಟು ಹೋಗುವುದು ಇಲ್ಲಿನ ರೂಢಿ. ಮರದ ಕಂಬಗಳು, ನಡುವೆ ಬಯಲಿಗೆ ತೆರೆದ ಅಂಗಳ, ಸುತ್ತ ಜಗಲಿ. ಮಳೆಗಾಲದಲ್ಲಿ ಜಗಲಿಯ ಅಂಚಿಗೆ ಕೂತರೆ ಮಾಡಿನಿಂದ ಇಳಿಯುವ ನೀರು ಕಾಲಿನಿಂದ ಒಂದು ಗೇಣು ದೂರದಲ್ಲಿ ಬೀಳುತ್ತದೆ, ಕೈಯಲ್ಲಿ ಬಿಸಿ ಕಷಾಯ ಇರುತ್ತದೆ. ಪಂಚತಾರಾ ರೆಸಾರ್ಟುಗಳು ‘ರೇನ್ ವ್ಯೂ’ ಎಂದು ಪ್ರತ್ಯೇಕ ಬಿಲ್ ಹಾಕುವುದು ಇದಕ್ಕೇ.

ಶಂಕರ್‌ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ಚಿತ್ರೀಕರಣವಾದದ್ದು ಇದೇ ದೊಡ್ಡಮನೆಯಲ್ಲಿ, ಆಗುಂಬೆಯ ಬೀದಿಗಳಲ್ಲಿ. 1986ರಲ್ಲಿ ದೂರದರ್ಶನದಲ್ಲಿ ಧಾರಾವಾಹಿ ಶುರುವಾದಾಗ ದೇಶವೆಲ್ಲ ನೋಡಿದ್ದು ಮಲೆನಾಡಿನ ಈ ಹೆಂಚಿನ ಮಾಡನ್ನು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಶೀರ್ಷಿಕೆಯ ರೇಖಾಚಿತ್ರಗಳು ಮೂಲ ಕಥೆಗಳನ್ನು ಬರೆದ ಆರ್.ಕೆ. ನಾರಾಯಣ್ ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಅವರವು.

ನಾರಾಯಣ್ ಅವರ ಮನಸ್ಸಿನಲ್ಲಿ ಮಾಲ್ಗುಡಿ ಮೊದಲು ಮೂಡಿದ್ದು ಊರಾಗಿ ಅಲ್ಲ, ಒಂದು ಪುಟ್ಟ ರೈಲ್ವೆ ಸ್ಟೇಷನ್ನಾಗಿ. ಅದಕ್ಕೆ ತಕ್ಕ ಸ್ಟೇಷನ್ ಧಾರಾವಾಹಿಯವರಿಗೆ ಸಿಕ್ಕಿದ್ದು ಹೊಸನಗರ ತಾಲ್ಲೂಕಿನ ಅರಸಾಳಿನಲ್ಲಿ, ಶಿವಮೊಗ್ಗ–ತಾಳಗುಪ್ಪ ಮಾರ್ಗದಲ್ಲಿ. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದ ಮೇಲೆ ಪಾಳುಬಿದ್ದಿದ್ದ ಹಳೆಯ ಕಟ್ಟಡವನ್ನು ರೈಲ್ವೆ ಇಲಾಖೆ ದುರಸ್ತಿ ಮಾಡಿಸಿ, 2020ರಲ್ಲಿ ‘ಮಾಲ್ಗುಡಿ ಮ್ಯೂಸಿಯಂ’ ಆಗಿ ತೆರೆಯಿತು. ಕೆಲಸ ವಹಿಸಿಕೊಂಡವರು ಧಾರಾವಾಹಿಗೆ ಕಲಾ ನಿರ್ದೇಶನ ಮಾಡಿದ್ದ ಜಾನ್ ದೇವರಾಜ್. ಭೂಪಟದಲ್ಲೇ ಇಲ್ಲದ ಊರಿಗೆ ಮನೆ ಒಂದು ತಾಲ್ಲೂಕಿನಲ್ಲಿ, ನಿಲ್ದಾಣ ಇನ್ನೊಂದು ತಾಲ್ಲೂಕಿನಲ್ಲಿ!

ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ. ಮೀರುತ್ತದೆ. ಬೆಂಗಳೂರಿನಲ್ಲಿ ಬೀಳುವುದರ ಸುಮಾರು ಏಳು ಪಟ್ಟು. 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿ.ಮೀ. ಸುರಿದ ದಾಖಲೆಯಿದೆ. ಆದರೂ ‘ಅತಿ ಹೆಚ್ಚು ಮಳೆ’ ಎಂಬ ಪಟ್ಟ ಪ್ರತಿ ವರ್ಷ ಆಗುಂಬೆಯದೇ ಅಲ್ಲ. ಹೊಸನಗರ ತಾಲ್ಲೂಕಿನ ಹುಲಿಕಲ್ ಸದ್ದಿಲ್ಲದೆ ಅದನ್ನು ಹಿಂದೆ ಹಾಕಿದ ವರ್ಷಗಳು ಬೇಕಾದಷ್ಟಿವೆ. ಪಠ್ಯಪುಸ್ತಕ ಓದಿ ಬೆಳೆದ ನಮಗೆ ಇದನ್ನು ಒಪ್ಪಿಕೊಳ್ಳುವುದು ಸ್ವಲ್ಪ ಕಷ್ಟ.

ಆಗುಂಬೆ ಕಾಡಿನ ಕಾಳಿಂಗ ಸರ್ಪಕ್ಕೆ ವಿಜ್ಞಾನದ ಹೆಸರೂ ಈಗ ಕನ್ನಡದ್ದೇ. ಏಷ್ಯಾದ ತುಂಬ ಇರುವುದು ಒಂದೇ ಪ್ರಭೇದವೆಂದು ಬಹುಕಾಲ ನಂಬಿದ್ದರು. 2024ರಲ್ಲಿ ಸಂಶೋಧಕರು ಅದನ್ನು ನಾಲ್ಕಾಗಿ ವಿಂಗಡಿಸಿ, ಪಶ್ಚಿಮ ಘಟ್ಟದ್ದಕ್ಕೆ ‘ಓಫಿಯೋಫೇಗಸ್ ಕಾಳಿಂಗ’ ಎಂದು ಹೆಸರಿಟ್ಟರು. ಆಗುಂಬೆಯಲ್ಲಿ ರೋಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ತೆರೆದದ್ದೂ ಈ ಹಾವಿನ ಸಲುವಾಗಿಯೇ. ತರಗೆಲೆ ಗುಡ್ಡೆಹಾಕಿ ಗೂಡು ಕಟ್ಟುವ ಹಾವು ಇದೊಂದೇ.

ಆಗುಂಬೆ ಘಾಟಿಯ ತಿರುವುಗಳು 14. ಆಕಾಶ ತಿಳಿಯಾಗಿದ್ದ ಸಂಜೆ ಮೇಲಿನ ಕಟ್ಟೆಯಿಂದ ಅರಬ್ಬಿ ಸಮುದ್ರ ಕಾಣುತ್ತದೆ. ಜುಲೈನಲ್ಲಿ ಹೋದವರಿಗೆ ಪಕ್ಕದಲ್ಲಿ ನಿಂತವರೂ ಕಾಣುವುದಿಲ್ಲ.

ತೀರ್ಥಹಳ್ಳಿ ಒಂದೇ ತಾಲ್ಲೂಕಿಗೆ ಎರಡು ಜ್ಞಾನಪೀಠ! ಕುಪ್ಪಳಿಯ ಕುವೆಂಪು ಅವರಿಗೆ 1967ರದು, ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ ಅವರಿಗೆ 1994ರದು. ಕುವೆಂಪು ತೀರಿಕೊಂಡದ್ದೂ 1994ರಲ್ಲೇ. ಇನ್ನೊಂದು ಸಂಗತಿ: ಕುವೆಂಪು ಹುಟ್ಟಿದ್ದು ಕುಪ್ಪಳಿಯಲ್ಲಿ ಅಲ್ಲ. ತಾಯಿಯ ತವರು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಕುಪ್ಪಳಿಯ ಕವಿಮನೆ ಈಗ ಮ್ಯೂಸಿಯಂ. 2015ರ ನವೆಂಬರಿನಲ್ಲಿ ಅಲ್ಲಿಗೆ ಕಳ್ಳರು ನುಗ್ಗಿ ಪದ್ಮ ಪ್ರಶಸ್ತಿಗಳ ಪದಕಗಳನ್ನು ಹೊತ್ತೊಯ್ದರು. ಮನೆಯ ಹಿಂದಿನ ಗುಡ್ಡ ಹತ್ತಿದರೆ ಕವಿಶೈಲ. ಅಲ್ಲಿ ಎದ್ದು ನಿಂತ ಬೃಹತ್ ಕಲ್ಲುಗಳು ಆದಿಮಾನವರ ಕಾಲದವೆಂದು ತಿಳಿಯುವವರೇ ಹೆಚ್ಚು. ಅದು ಕಲಾವಿದ ಕೆ.ಟಿ. ಶಿವಪ್ರಸಾದ್ ಅವರ ಕಲ್ಪನೆ.

ತೀರ್ಥಹಳ್ಳಿ ಸಮೀಪದ ಚಿಬ್ಬಲಗುದ್ದೆಯಲ್ಲಿ ತುಂಗೆಯ ಮೀನು ಹಿಡಿಯುವಂತಿಲ್ಲ. ಅದು ಮತ್ಸ್ಯಧಾಮ. ಒಂದು ಹಿಡಿ ಮಂಡಕ್ಕಿ ಎಸೆದು ನೋಡಿ, ನೀರೇ ಕಪ್ಪಾಗುತ್ತದೆ.

ಕೆಳದಿ ಅರಸರ ರಾಜಧಾನಿ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕು ಸುತ್ತಿದೆ. ಮೊದಲು ಕೆಳದಿ, ಆಮೇಲೆ ಇಕ್ಕೇರಿ. ಎರಡೂ ಸಾಗರ ತಾಲ್ಲೂಕು. ಅಲ್ಲಿಂದ ಬಿದನೂರು, ಅಂದರೆ ಹೊಸನಗರ ತಾಲ್ಲೂಕಿನ ನಗರ. ಅಪಾಯ ಬಂದಾಗ ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಬಂದಾಗ ಆಶ್ರಯ ಕೊಟ್ಟವಳು ಕೆಳದಿಯ ರಾಣಿ ಚೆನ್ನಮ್ಮ. ಬೆನ್ನಟ್ಟಿ ಬಂದ ಮೊಗಲರಿಗೂ ಅವಳು ಜಗ್ಗಲಿಲ್ಲ. ಅತಿಥಿ ಸತ್ಕಾರದ ಪಟ್ಟಿಯಲ್ಲಿ ದೊಡ್ಡಮನೆಗಿಂತ ಮೊದಲ ಹೆಸರು ಅವಳದೇ ಇರಬೇಕು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ‘ಹೈದರ್‌ನಗರ’ ಎಂದು ಕರೆದ. ಹೈದರ್ ಉದುರಿಹೋಗಿ ‘ನಗರ’ ಮಾತ್ರ ಉಳಿಯಿತು. ಮುಂದೆ ತಾಲ್ಲೂಕು ಕೇಂದ್ರ ಕಲ್ಲೂರುಕಟ್ಟೆಗೆ ಬಂದಾಗ ಅದು ‘ಹೊಸ’ನಗರವಾಯಿತು.

ಅರಸರು ಸಾಗರದಿಂದ ತೀರ್ಥಹಳ್ಳಿಯ ಕಡೆ ಬಂದರೆ, ಶರಾವತಿಯದು ಉಲ್ಟಾ ದಾರಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ತಾಲ್ಲೂಕು ಹಾದು, ಸಾಗರ ತಾಲ್ಲೂಕಿನ ಅಂಚಿಗೆ ಬಂದು ಜೋಗದಲ್ಲಿ ಧುಮುಕುತ್ತದೆ. ಅಂಬು ಎಂದರೂ ಬಾಣ, ಶರ ಎಂದರೂ ಬಾಣ. ರಾಮ ಬಾಣ ಬಿಟ್ಟು ನೀರು ತೆಗೆದನೆಂಬ ಕಥೆ ಎರಡೂ ಹೆಸರಿನಲ್ಲಿ ಕೂತಿದೆ. ಹುಟ್ಟುವ ಕಡೆ ಒಂದು ಸಣ್ಣ ಕೊಳ, ಅಷ್ಟೇ.

ಜೋಗದ ಎತ್ತರ 253 ಮೀಟರ್, ಅಂದರೆ 830 ಅಡಿ. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲು. ಅದು ಪೂರ್ತಿ ಸಾಗರದ ಆಸ್ತಿಯೂ ಅಲ್ಲ, ಆಚೆ ದಡ ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕು. ಬ್ರಿಟಿಷರ ಕಾಲದಲ್ಲಿ ಈಚೆ ಮೈಸೂರು ಸಂಸ್ಥಾನ, ಆಚೆ ಬಾಂಬೆ ಪ್ರೆಸಿಡೆನ್ಸಿ. ಹಾಗಾಗಿ ಜಲಪಾತ ಒಂದೇ, ಪ್ರವಾಸಿ ಬಂಗಲೆ ಎರಡು! ಈಚೆಯದು ಮೈಸೂರು ಬಂಗಲೆ, ಆಚೆಯದು ಬಾಂಬೆ ಬಂಗಲೆ. ರಾಜ್ಯ ಒಂದಾದ ಮೇಲೂ ಜೋಗ ನೋಡುವವರಲ್ಲಿ ಎರಡು ಪಕ್ಷ ಉಳಿದಿದೆ. ನನ್ನ ಓಟು ಈಚೆ ದಡಕ್ಕೆ: ಆಚೆ ನಿಂತರೆ ನೀರು ಬೀಳುವುದು ಕೇಳುತ್ತದೆ, ಈಚೆ ನಿಂತರೆ ಕಾಣುತ್ತದೆ. ಮಂಜು ಮುಚ್ಚಿದ್ದರೆ ಅವಸರ ಮಾಡದೆ ಹತ್ತು ನಿಮಿಷ ರೇಲಿಂಗ್ ಹಿಡಿದು ನಿಲ್ಲಿ. ಮೊದಲು ಸದ್ದು ಜೋರಾಗುತ್ತದೆ, ಆಮೇಲೆ ಯಾರೋ ಪರದೆ ಎಳೆದ ಹಾಗೆ ರಾಜ ಒಬ್ಬನೇ ಹೊರಗೆ ಬರುತ್ತಾನೆ.

ಜೋಗದ ವಿದ್ಯುದಾಗಾರ ಶುರುವಾದದ್ದು 1948ರಲ್ಲಿ. ಅದಕ್ಕೆ ನೀರು ಕೂಡಿಟ್ಟದ್ದು ಹಿರೇಭಾಸ್ಕರ ಅಣೆಕಟ್ಟೆ. 1964ರಲ್ಲಿ ಲಿಂಗನಮಕ್ಕಿ ಎದ್ದಾಗ ಆ ಅಣೆಕಟ್ಟೆಯೇ ಮುಳುಗಿತು. ಅಣೆಕಟ್ಟೆಯನ್ನು ಅಣೆಕಟ್ಟೆ ನುಂಗಿದ ಪ್ರಸಂಗ ಇದು. ಬಿರುಬೇಸಿಗೆಯಲ್ಲಿ ನೀರು ಇಳಿದಾಗ ಅದರ ಗೋಡೆ, ಎಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ ಸೈಫನ್ನುಗಳ ದುಂಡು ಬಾಯಿಗಳು ಹೊರಗೆ ಕಾಣುತ್ತವೆ. ಜನ ಅದರ ಮೇಲೆ ಫೋಟೋ ತೆಗೆಸಿಕೊಳ್ಳುತ್ತಾರೆ. ಅದೇ ನೀರಿನಡಿ ಗದ್ದೆ, ತೋಟ ಬಿಟ್ಟು ಎದ್ದು ಹೋದವರಲ್ಲಿ ಎಷ್ಟೋ ಕುಟುಂಬಗಳಿಗೆ ಕೊಟ್ಟ ಜಾಗದ ಹಕ್ಕುಪತ್ರ ಇನ್ನೂ ಕೈಸೇರಿಲ್ಲ. ನಾಡಿಗೆ ಬೆಳಕು ಕೊಟ್ಟವರ ಬಾಕಿ ಇದು.

ಲಿಂಗನಮಕ್ಕಿಯ ಹಿನ್ನೀರನ್ನು ಲಾಂಚ್ ಹತ್ತಿ ದಾಟಿ ಸಿಗಂದೂರಿಗೆ ಹೋಗಬೇಕಿತ್ತು. 2025ರ ಜುಲೈ 14ರಂದು 2.44 ಕಿ.ಮೀ. ಉದ್ದದ ಸೇತುವೆ ತೆರೆಯಿತು. ಹಿನ್ನೀರಿನಾಚೆಯ ಕರೂರು, ಬಾರಂಗಿ ಕಡೆಯವರಿಗೆ ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಲು ದಾರಿ ಸಿಕ್ಕಿದ್ದು ಆಗಲೇ.

ಸಾಗರದ ಹೆಗ್ಗೋಡು ಎಂಬ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಂ. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ರೈಲಿನಲ್ಲಿ ಬರುವವರು ಇಳಿಯಬೇಕಾದ ಸ್ಟೇಷನ್ನಿನ ಬೋರ್ಡಿನಲ್ಲಿ ಬರೀ ಸಾಗರ ಎಂದಿಲ್ಲ, ‘ಸಾಗರ ಜಂಬಗಾರು’ ಎಂದಿದೆ. ಗಾಬರಿಯಾಗಿ ಕೂತೇ ಇದ್ದರೆ ತಾಳಗುಪ್ಪ ಬರುತ್ತದೆ, ಅಲ್ಲಿಗೆ ಹಳಿಯೇ ಮುಗಿಯುತ್ತದೆ.

ದೊಡ್ಡಮನೆಗೆ ಹೊರಟವರಿಗೆ ಒಂದು ಮಾತು. ಅದು ಲಾಡ್ಜ್ ಅಲ್ಲ, ಸಂಸಾರ ನಡೆಯುವ ಮನೆ. ಮೊದಲೇ ತಿಳಿಸಿ ಹೋಗಿ, ಕೇಳಿ ಫೋಟೋ ತೆಗೆಯಿರಿ. ‘ಎಷ್ಟಾಯಿತು?’ ಎಂದು ಮಾತ್ರ ಕೇಳಬೇಡಿ, ಎಷ್ಟೆಂದು ತೀರ್ಮಾನಿಸಬೇಕಾದವರು ನೀವೇ.