ಗೌನಿನ ಬೆನ್ನಿಗೊಂದು ಚೀಲ

ಇಂಗ್ಲೆಂಡಿನ ಬ್ಯಾರಿಸ್ಟರರ ಕರಿ ಗೌನಿಗೆ ಬೆನ್ನ ಹಿಂದೆ ಪುಟ್ಟ ಚೀಲದಂಥದ್ದೊಂದು ಜೋತಿರುತ್ತದೆ. ವಕೀಲ ಕಾಸಿಗೆ ಕೈಯೊಡ್ಡಬಾರದು, ಕಕ್ಷಿದಾರನೇ ಹಿಂದಿನಿಂದ ಬಂದು ತೋಚಿದಷ್ಟು ಹಾಕಿ ಹೋಗಬೇಕು ಎಂದು ಅದಕ್ಕೊಂದು ಕಥೆ. ಕಥೆ ದಿಟವೋ ಅಲ್ಲವೋ, ಅಲ್ಲಿನ ಕಾನೂನಂತೂ ಹಾಗೇ ಇತ್ತು. ಬ್ಯಾರಿಸ್ಟರನಿಗೆ ಸಲ್ಲುವುದು ಕೂಲಿಯಲ್ಲ, ಗೌರವಧನ; ಕೊಡದಿದ್ದರೆ ದಾವೆ ಹೂಡುವಂತಿಲ್ಲ.

ಇದರಿಂದ ಕೆಟ್ಟವನು ಚಾರ್ಲ್ಸ್ ರಾನ್ ಕೆನಡಿ. ಬರ್ಮಿಂಗ್‌ಹ್ಯಾಮಿನ ಬ್ಯಾರಿಸ್ಟರ್, ಗ್ರೀಕ್ ವಾಗ್ಮಿ ಡೆಮಾಸ್ಥನೀಸನ ಭಾಷಣಗಳನ್ನು ಇಂಗ್ಲಿಷಿಗೆ ತಂದ ಪಂಡಿತ. ಪೇಷನ್ಸ್ ಸ್ವಿನ್‌ಫೆನ್ ಎಂಬ ವಿಧವೆ, ಮಾವ ಉಯಿಲಿನಲ್ಲಿ ಬರೆದಿಟ್ಟ ಆಸ್ತಿಗಾಗಿ ಕೋರ್ಟು ಹತ್ತಿದ್ದಳು. 1856ರಲ್ಲಿ ವಿಚಾರಣೆ ನಡೆದಿರುವಾಗಲೇ ಅವಳ ಹಿರಿಯ ವಕೀಲ ಸರ್ ಫ್ರೆಡರಿಕ್ ಥೆಸಿಗರ್, ಅವಳ ಒಪ್ಪಿಗೆಯಿಲ್ಲದೆ ರಾಜಿ ಮಾಡಿಕೊಂಡುಬಿಟ್ಟ. (ಎರಡೇ ವರ್ಷಕ್ಕೆ ಆತ ಲಾರ್ಡ್ ಚಾನ್ಸಲರ್ ಆದ!) ಕೆನಡಿ ತನ್ನ ವೃತ್ತಿಯನ್ನೇ ಪಣಕ್ಕಿಟ್ಟು ಕೇಸು ಹಿಡಿದ, 1858ರಲ್ಲಿ ಗೆದ್ದುಕೊಟ್ಟ. ಅವನಿಗೆ 20,000 ಪೌಂಡು ಕೊಡುವೆನೆಂದು ಅವಳು ಮಾತು ಕೊಟ್ಟಿದ್ದಳು. 1861ರಲ್ಲಿ ಬ್ರೌನ್ ಎಂಬಾತನನ್ನು ಮದುವೆಯಾದಳು, ದುಡ್ಡು ಬರಲಿಲ್ಲ. ಕೆನಡಿ ಗಂಡಹೆಂಡಿರಿಬ್ಬರ ಮೇಲೂ ದಾವೆ ಹೂಡಿದ. ಜ್ಯೂರಿ ಅವನ ಪರ ನಿಂತಿತು. ಆದರೆ 1863ರಲ್ಲಿ ಮುಖ್ಯ ನ್ಯಾಯಮೂರ್ತಿ ಅರ್ಲ್ ಅದನ್ನು ತಳ್ಳಿಹಾಕಿದರು: ಮಾತು ಕೆಲಸಕ್ಕೆ ಮೊದಲು ಕೊಟ್ಟದ್ದಿರಲಿ, ಆಮೇಲೆ ಕೊಟ್ಟದ್ದಿರಲಿ, ಫೀಸಿನ ಒಪ್ಪಂದ ಕಾನೂನಿನಲ್ಲಿ ನಿಲ್ಲದು. ನಾಲ್ಕು ವರ್ಷಕ್ಕೆ ಕೆನಡಿ ತೀರಿಕೊಂಡ. ನನಗಂತೂ ಆ ತೀರ್ಪಿನಲ್ಲಿ ವೃತ್ತಿಯ ಘನತೆಗಿಂತ ಅದರ ಜಂಬವೇ ಹೆಚ್ಚು ಕಾಣುತ್ತದೆ.

ಇಂಗ್ಲೆಂಡು ಇದನ್ನು ತಿದ್ದಿಕೊಂಡದ್ದು 1990ರಲ್ಲಿ. ನಮ್ಮಲ್ಲಿ 1926ರ ಕಾಯ್ದೆಯೇ ವಕೀಲರಿಗೆ ಫೀಸಿನ ಕರಾರು ಮಾಡಿಕೊಳ್ಳುವ, ಬಾಕಿಗೆ ದಾವೆ ಹೂಡುವ ಹಕ್ಕು ಕೊಟ್ಟಿತು. ಆದರೂ ನಮ್ಮಪ್ಪನ ಜಮೀನಿನ ವ್ಯಾಜ್ಯ ನಡೆಸಿದ ವಕೀಲರು ಒಮ್ಮೆಯೂ ಬಾಯಿಬಿಟ್ಟು ಮೊತ್ತ ಹೇಳಿದವರಲ್ಲ. ಚಪ್ಪಲಿ ಮೆಟ್ಟುವ ಹೊತ್ತಿಗೆ ಗುಮಾಸ್ತರು ಬಾಗಿಲಿಗೆ ಬಂದು, "ಯಜಮಾನ್ರೇ, ಟೈಪಿಂಗು ಬೇರೆ, ಸ್ಟಾಂಪು ಬೇರೆ" ಎಂದು ಉಸುರುತ್ತಿದ್ದರು. ರಸೀದಿಯ ಮಾತೇ ಇರಲಿಲ್ಲ. ನಮ್ಮೂರಲ್ಲಿ ಬೆನ್ನಿನ ಚೀಲ ಗುಮಾಸ್ತರೇ.

ವಕೀಲರ ಕೆಲಸ ಸರಿಬರಲಿಲ್ಲವೆಂದು ಗ್ರಾಹಕರ ಕೋರ್ಟಿಗೆ ಹೋಗೋಣವೆಂದರೆ ಅದೂ ಆಗದು. ಡಾಕ್ಟರ ಸೇವೆ 1995ರಿಂದ ಗ್ರಾಹಕ ಕಾನೂನಿನೊಳಗಿದೆ. ವಕೀಲರದು ಇಲ್ಲ ಎಂದು ಸುಪ್ರೀಂ ಕೋರ್ಟು 2024ರಲ್ಲಿ ಹೇಳಿತು. ವಕೀಲರನ್ನು ಬದಲಿಸುವವರಿಗೆ ಅದೇ ಕೋರ್ಟಿನ 2000ದ ತೀರ್ಪೊಂದು ಗೊತ್ತಿರಲಿ: ಫೀಸು ಬಾಕಿಯಿದ್ದರೆ ವಕೀಲರು ದಾವೆ ಹೂಡಬಹುದು, ಕೇಸಿನ ಕಟ್ಟನ್ನು ಮಾತ್ರ ಹಿಡಿದಿಟ್ಟುಕೊಳ್ಳುವಂತಿಲ್ಲ.