ಮುಖಕ್ಕೆ ಬೆಳಕು ಕೂಡಿಸುವ ಕಸುಬು

ಕುಂದಾಪುರದಿಂದ ಬಾಳೆಬರೆ ಘಾಟಿಯ ಕಡೆ ಹೊರಟವರಿಗೆ ಹೊಸಂಗಡಿಗಿಂತ ಮೊದಲು ಸಿಗುವ ಪೇಟೆ ಸಿದ್ದಾಪುರ. ಇಂಥ ಪೇಟೆಯ ಫೋಟೊ ಸ್ಟುಡಿಯೊಗೆ ಮೊದಲೆಲ್ಲ ಶಾಲೆಯ ಅರ್ಜಿ, ಬ್ಯಾಂಕಿನ ಪಾಸ್‌ಬುಕ್, ಪಾಸ್‌ಪೋರ್ಟಿನ ಫೋಟೊಗಳೇ ಅನ್ನ. ಮೊಬೈಲು ಆ ಗಿರಾಕಿಯನ್ನು ಅರ್ಧಕ್ಕರ್ಧ ಕಸಿಯಿತು. ಆದರೆ ಸೀಮಂತದ ಬಸುರಿ, ತೊಟ್ಟಿಲಿಗೆ ಹಾಕುವ ಕೂಸು, ಮುಹೂರ್ತಕ್ಕೆ ಮುಂಚೆ ಕೋಣೆಯೊಳಗೆ ಅಲಂಕಾರ ಮಾಡಿಸಿಕೊಳ್ಳುವ ಮದುಮಗಳು, ಇವರ ಭಾವಚಿತ್ರಗಳಿಗೆ ಈಗ ಬೇಡಿಕೆ ಹೆಚ್ಚು. ಹೆಣ್ಣುಮಗಳೊಬ್ಬಳು ಕ್ಯಾಮೆರಾ ಹಿಡಿದರೆ ಮನೆಯವರು ನಿರಾಳವಾಗುವ ಕೆಲಸಗಳಿವು.

ಈ ನಿರಾಳತೆಗೆ ಬೆಲೆ ಬಂದದ್ದು ಇವತ್ತಲ್ಲ. ನಿಜಾಮರ ಹೈದರಾಬಾದಿನಲ್ಲಿ ಹೆಸರು ಮಾಡಿದ್ದ ರಾಜಾ ದೀನ್ ದಯಾಳ್ 1892ರಲ್ಲಿ ಅಂತಃಪುರದ ಹೆಂಗಸರಿಗಾಗಿಯೇ 'ಜನಾನಾ' ಸ್ಟುಡಿಯೊ ತೆರೆದರು. ಹೊರಗಿನವರ ಕಣ್ಣು ಬೀಳದಂತೆ ಎತ್ತರದ ಗೋಡೆ. ಒಳಗೆ ಫೋಟೊ ತೆಗೆಯುತ್ತಿದ್ದವರು ಮಿಸೆಸ್ ಕೆನಿ-ಲೆವಿಕ್ ಎಂಬ ಮಹಿಳೆ. ಕಲ್ಕತ್ತೆಯ ಅನ್ನಪೂರ್ಣಾ ದತ್ತ (1894–1976) ಗಂಡನಿಂದ ಕ್ಯಾಮೆರಾ ಕಲಿತು, ಅದನ್ನೇ ಜೀವನಕ್ಕೆ ದಾರಿ ಮಾಡಿಕೊಂಡರು. ಗೋಷಾ ಪದ್ಧತಿಯ ಮನೆಗಳಿಗೆ ತಾವೇ ಹೋಗಿ ಫೋಟೊ ತೆಗೆದು, ತೊಳೆದು, ಪ್ರಿಂಟ್ ಹಾಕಿ ಕೊಡುತ್ತಿದ್ದ ಅವರನ್ನು ಜನ 'ಫೋಟೊ ಮಾಶಿಮಾ' ಎಂದು ಕರೆದರು. ಮಾಶಿಮಾ ಅಂದರೆ ಚಿಕ್ಕಮ್ಮ.

ಹೆಂಗಸರ ಫೋಟೊಗೆ ಹೆಂಗಸು ಎಂಬುದು ಕಸುಬಿನೊಳಗೆ ಬರಲು ಒಳ್ಳೆಯ ಬಾಗಿಲು. ಅಲ್ಲೇ ನಿಲ್ಲಿಸಿಬಿಟ್ಟರೆ ಮಾತ್ರ ಅನ್ಯಾಯ. ಎಷ್ಟೋ ಕಡೆ ಮನೆಯ ಸ್ಟುಡಿಯೊದಲ್ಲಿ ಗಂಡ ಮದುವೆ ಮಂಟಪಕ್ಕೆ ಹೋದರೆ ಹೆಂಡತಿ ಕಂಪ್ಯೂಟರಿನ ಮುಂದೆ ಕೂತು ಆಲ್ಬಂ ಜೋಡಿಸುತ್ತಾಳೆ, ಕೌಂಟರ್ ನೋಡುತ್ತಾಳೆ, ಪಾಸ್‌ಪೋರ್ಟ್ ಫೋಟೊವನ್ನೂ ತೆಗೆಯುತ್ತಾಳೆ. ಬೋರ್ಡಿನ ಮೇಲೆ ಮಾತ್ರ ಅವಳ ಹೆಸರಿಲ್ಲ.

ತಡವಾಯಿತು ಎಂದು ಹಿಂಜರಿಯುವವರಿಗೆ ಜೂಲಿಯಾ ಮಾರ್ಗರೆಟ್ ಕ್ಯಾಮರೂನ್ ಅವರ ಕತೆ ಹೇಳಬೇಕು. 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಈಕೆಗೆ ಕ್ಯಾಮೆರಾ ಸಿಕ್ಕಿದ್ದು 48ನೇ ವಯಸ್ಸಿನಲ್ಲಿ, ಮಗಳು-ಅಳಿಯನ ಉಡುಗೊರೆಯಾಗಿ. ಎರಡು ವರ್ಷ ಕಳೆಯುವುದರೊಳಗೆ, 1865ರಲ್ಲಿ, ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಂ ಅವರ ಚಿತ್ರಗಳನ್ನು ಕೊಂಡುಕೊಂಡಿತು.

ಇನ್ನು ಕೈಕೆಲಸದ ಮಾತು. ಭಾವಚಿತ್ರದಲ್ಲಿ ಕ್ಯಾಮೆರಾದ ಬೆಲೆಗಿಂತ ಮೊದಲು ಬರುವುದು ಬೆಳಕು. ಮುಖ್ಯ ದೀಪವನ್ನು ಮುಖಕ್ಕೆ ಸುಮಾರು 45 ಡಿಗ್ರಿ ಬದಿಗೆ, ಕಣ್ಣಿಗಿಂತ ತುಸು ಮೇಲಿಟ್ಟು, ಇನ್ನೊಂದು ಬದಿಗೆ ಬಿಳಿ ಥರ್ಮೊಕೋಲ್ ಹಾಳೆ ನಿಲ್ಲಿಸಿದರೂ ಸಾಕು, ನೆರಳು ಹದವಾಗುತ್ತದೆ. ಕಣ್ಣಿನ ಪಾಪೆಯಲ್ಲಿ ದೀಪದ ಸಣ್ಣ ಚುಕ್ಕೆ ಹೊಳೆಯದಿದ್ದರೆ ಎಷ್ಟು ಚೆಂದದ ಮುಖವೂ ಸಪ್ಪೆ. ತೀರಾ ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ, ಕಿವಿ ಚಿಕ್ಕದಾಗಿ ಕಾಣುತ್ತದೆ. ಅದಕ್ಕೇ 85 ಎಂಎಂ ಲೆನ್ಸ್ ಹಾಕಿ ನಾಲ್ಕು ಹೆಜ್ಜೆ ಹಿಂದೆ ಸರಿಯುವುದು. ಕನ್ನಡಕದ ಗಾಜು ಮಿರುಗಿದರೆ ಅದರ ಕಡ್ಡಿಯನ್ನು ಕಿವಿಯ ಮೇಲೆ ಕೂದಲೆಳೆಯಷ್ಟು ಎತ್ತಿದರಾಯಿತು. "ಅಮ್ಮಾ, ಗಲ್ಲ ಒಂಚೂರ್ ಕೆಳ್ಗ್ ಮಾಡಿ ಕಾಂಬ" ಎಂದು ಊರಿನ ಮಾತಿನಲ್ಲೇ ಹೇಳಿ, ಸೆರಗು ಸರಿಪಡಿಸಿ, ಆಮೇಲೆ ಗುಂಡಿ ಒತ್ತುವವಳ ಮುಂದೆ ಅಜ್ಜಿಯ ಬಿಗಿದ ತುಟಿ ತಾನಾಗಿ ಸಡಿಲವಾಗುತ್ತದೆ.

ಅಷ್ಟೆಲ್ಲ ಮಾಡಿ, ಕೊನೆಗೆ ಕಂಪ್ಯೂಟರಿನಲ್ಲಿ ಆ ಮುಖವನ್ನು ಬೆಳ್ಳಗೆ ಮಾಡಿಬಿಡುವ ಚಾಳಿಯೊಂದಿದೆ. ಬಿಸಿಲಲ್ಲಿ ನೇಜಿ ನೆಟ್ಟ ಮುಖದ ಬಣ್ಣ ಅಳಿಸುವ ಹಕ್ಕು ಯಾರಿಗೂ ಇಲ್ಲ. ಹೊಸದಾಗಿ ಬರುವ ಹೆಣ್ಣುಮಕ್ಕಳು ಇದನ್ನು ಮೊದಲು ಬಿಡಲಿ.

ಕಲಿಯಲು ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜತೆಗೂಡಿ 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಬ್ರಹ್ಮಾವರದಲ್ಲೂ ಇದೆ. ರುಡ್‌ಸೆಟ್‌ಗಳು ನಡೆಸುವ ಸ್ವಉದ್ಯೋಗ ತರಬೇತಿಗಳಲ್ಲಿ ಫೋಟೊಗ್ರಫಿ, ವಿಡಿಯೊಗ್ರಫಿಯೂ ಸೇರಿವೆ. ಊಟ, ವಸತಿ ಸಹಿತ ಉಚಿತ. ತರಬೇತಿ ಮುಗಿದ ಮೇಲೂ ಎರಡು ವರ್ಷ ಬೆನ್ನಿಗೆ ನಿಂತು, ಬ್ಯಾಂಕ್ ಸಾಲಕ್ಕೆ ದಾರಿ ತೋರಿಸುವುದು ಈ ಸಂಸ್ಥೆಯ ಪದ್ಧತಿ. ಕಲೆಯಾಗಿಯೇ ಪದವಿ ಓದುವವರಿಗೆ ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ಛಾಯಾಚಿತ್ರ ವಿಭಾಗವಿದೆ. ಬಂಡವಾಳಕ್ಕೆ ಕೇಂದ್ರ ಸರ್ಕಾರದ ಪಿಎಂಇಜಿಪಿ ಯೋಜನೆಯ ನಿಯಮ ಮಹಿಳೆಯರಿಗೆ ಅನುಕೂಲಕರ: ಗ್ರಾಮೀಣ ಭಾಗದಲ್ಲಿ ಯೋಜನಾ ವೆಚ್ಚದ ಶೇ 35ರಷ್ಟು ಸಹಾಯಧನ, ಕೈಯಿಂದ ಹಾಕಬೇಕಾದ್ದು ಶೇ 5 ಮಾತ್ರ.

ಕರಾವಳಿಯಲ್ಲಿ ಈ ಕಸುಬಿಗೆ ಮಳೆಗಾಲದ ಲೆಕ್ಕವೂ ಬೇಕು. ಆಷಾಢದಲ್ಲಿ ಮದುವೆಯಿಲ್ಲ, ಸಂಪಾದನೆಯಿಲ್ಲ. ಮೇಲಿಂದ ಲೆನ್ಸಿಗೆ ಬೂಸಲು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡದಿದ್ದರೆ ಸಾಲದ ಕಂತು ಮುಗಿಯುವ ಮೊದಲೇ ಗಾಜು ಹಾಳಾಗುತ್ತದೆ.

ಭಾವಚಿತ್ರ ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನು ತೋರಿಸಿಕೊಟ್ಟವರು ಬೆಂಗಳೂರಿನ ಎನ್. ಪುಷ್ಪಮಾಲಾ. ಶಿಲ್ಪಕಲೆ ಓದಿದ ಅವರು ಬೆಂಗಳೂರಿನಲ್ಲೇ ನೆಲೆಸಿರುವ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜತೆಗೂಡಿ 2000ದಿಂದ 2004ರವರೆಗೆ 'ನೇಟಿವ್ ವುಮೆನ್ ಆಫ್ ಸೌತ್ ಇಂಡಿಯಾ' ಸರಣಿ ಮಾಡಿದರು. ರವಿವರ್ಮನ ನಾಯಕಿಯರು, ಬ್ರಿಟಿಷರ ಕಾಲದಲ್ಲಿ ಅಳತೆಪಟ್ಟಿಯಂಥ ಚೌಕುಳಿ ಪರದೆಯ ಮುಂದೆ ನಿಲ್ಲಿಸಿ ತೆಗೆದ ಬುಡಕಟ್ಟು ಹೆಂಗಸರ ಚಿತ್ರ, ಎಲ್ಲದರಲ್ಲೂ ಪುಷ್ಪಮಾಲಾ ತಾವೇ ವೇಷ ಹಾಕಿ ನಿಂತರು. ಹೆಣ್ಣನ್ನು ಈವರೆಗೆ ಯಾರು, ಹೇಗೆ ನೋಡಿದರು ಎಂಬುದೇ ಅಲ್ಲಿ ವಿಷಯ. ಕಮಲಶಿಲೆ ಮೇಳದ ಯಕ್ಷಗಾನದ ಆಟ ನೋಡಿ ಬೆಳೆದ ಸೀಮೆಯ ಹುಡುಗಿಗೂ ಇಂಥ ಸರಣಿಗೆ ಸರಕು ಕೈಯಳತೆಯಲ್ಲೇ ಇದೆ. ಕೇದಗೆ ಮುಂದಲೆ ಕಟ್ಟಿದ ವೇಷದ ಮುಖವನ್ನು ಹಣೆಯ ಬಣ್ಣ ಮಿರುಗದಂತೆ, ಕಣ್ಣಿನ ಕಪ್ಪು ಕಲಸಿಹೋಗದಂತೆ ತೆಗೆಯುವುದು ಯಾವ ಸ್ಟುಡಿಯೊ ಪರೀಕ್ಷೆಗೂ ಕಡಿಮೆಯಲ್ಲ.

ಕೊನೆಗೊಂದು ವ್ಯವಹಾರದ ಸಂಗತಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿಕೊಂಡ ಫೋಟೊದ ಮೊದಲ ಹಕ್ಕುದಾರರು ತೆಗೆಸಿಕೊಂಡವರೇ. ಹಾಗಾಗಿ ಫೋಟೊ ತೆಗೆದವಳು ಸೀಮಂತದ ಚಿತ್ರವನ್ನು ತನ್ನ ಇನ್‌ಸ್ಟಾಗ್ರಾಮಿನಲ್ಲೋ ಅಂಗಡಿಯ ಗಾಜಿನಲ್ಲೋ ಹಾಕಲು ಆ ಹೆಣ್ಣುಮಗಳ ಒಪ್ಪಿಗೆಯನ್ನು ಬರೆಸಿಕೊಳ್ಳಲೇಬೇಕು. ಮುಂಗಡದ ರಸೀತಿಯಲ್ಲೇ ಅದಕ್ಕೆ ಎರಡು ಸಾಲು, ಸಹಿಗೊಂದು ಜಾಗ ಅಚ್ಚು ಹಾಕಿಸಿಟ್ಟರೆ ಇಬ್ಬರಿಗೂ ಅನುಕೂಲ.